ಉಬುಂಟು ಅಪ್‌ಗ್ರೇಡ್ ನಿಂತುಹೋದರೆ ಮೊದಲು ಪಿಪಿಎ ನೋಡಿ

ಉಬುಂಟು 22.04ರಿಂದ 24.04ಕ್ಕೆ ಹೋಗುವಾಗ ‘ಹೆಲ್ಡ್ ಬ್ರೋಕನ್ ಪ್ಯಾಕೇಜಸ್’ ಅಂತ ಬಂದು ನಿಲ್ಲುತ್ತಿದೆ ಅಂದಿರಿ. ಗಾಬರಿ ಬೇಡ, ಯಾವ ಫೈಲೂ ಕೆಟ್ಟಿರಬೇಕೆಂದಿಲ್ಲ. ಒಂದು ಪ್ಯಾಕೇಜ್ (ಇನ್‌ಸ್ಟಾಲ್ ಮಾಡುವ ಸಾಫ್ಟ್‌ವೇರ್ ಕಟ್ಟು) ಕೇಳುವ ಲೈಬ್ರರಿ, ಅಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್, ಅದರ ಆವೃತ್ತಿ ಇನ್ನೊಂದಕ್ಕೆ ಹೊಂದುತ್ತಿಲ್ಲ, ಅಷ್ಟೇ.

ಟರ್ಮಿನಲ್‌ನಲ್ಲಿ ‘ಆಪ್ಟ್-ಮಾರ್ಕ್ ಶೋಹೋಲ್ಡ್’ (apt-mark showhold) ಕಮಾಂಡ್ ಕೊಡಿ. ತಡೆಹಿಡಿದದ್ದು ಏನಾದರೂ ಇದ್ದರೆ ಕಾಣುತ್ತದೆ. ಏನೂ ಬರದಿದ್ದರೆ ನನ್ನ ಅನುಮಾನ ಪಿಪಿಎ (PPA, ಅಂದರೆ ಉಬುಂಟುವಿನದಲ್ಲದ, ಬೇರೆಯವರು ನಡೆಸುವ ಪ್ಯಾಕೇಜ್ ಮೂಲ) ಮೇಲೆ. ಅಪ್‌ಗ್ರೇಡ್ ಹೊತ್ತಿಗೆ ಹೊರಗಿನ ಮೂಲಗಳು ಆಫ್ ಆಗುತ್ತವೆ, ಆದರೆ ಅಲ್ಲಿಂದ ಬಂದ ಪ್ಯಾಕೇಜ್‌ಗಳು ಹಾಗೇ ಉಳಿಯುತ್ತವೆ ಅಲ್ವಾ? ದೋಷ ಸಂದೇಶದಲ್ಲಿ ಕಾಣುವ ಪ್ಯಾಕೇಜ್ ಹೆಸರಿಗೆ ‘ಆಪ್ಟ್ ಪಾಲಿಸಿ’ (apt policy) ಹಾಕಿ, ಯಾವ ಮೂಲದ್ದು ಅಂತ ತೋರಿಸುತ್ತದೆ. ಪಿಪಿಎಯದ್ದಾದರೆ 22.04ರಲ್ಲಿ ಇರುವಾಗಲೇ ‘ಪಿಪಿಎ-ಪರ್ಜ್’ (ppa-purge) ಓಡಿಸಿ. ಅದು ಆ ಪ್ಯಾಕೇಜ್‌ಗಳನ್ನು ಉಬುಂಟುವಿನದೇ ಆವೃತ್ತಿಗೆ ಇಳಿಸುತ್ತದೆ.

ದಯವಿಟ್ಟು ಸುಮ್ನೆ ‘ಫೋರ್ಸ್’ (ಬಲವಂತ) ಆಯ್ಕೆ ಹಾಕಿ, ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಡಿಪಿಕೆಜಿ (dpkg) ಓಡಿಸಬೇಡಿ. ಬಹುತೇಕ ಎಲ್ಲ ಪ್ರೋಗ್ರಾಂಗಳಿಗೂ ಬೇಕಾದ ಮೂಲ ಲೈಬ್ರರಿ ಲಿಬ್‌ಸಿ (libc) ಮುರಿದರೆ ಸಣ್ಣ ಕಮಾಂಡೂ ಓಡುವುದಿಲ್ಲ. ಇನ್ನೂ ನಿಂತರೆ ಅಪ್‌ಗ್ರೇಡ್‌ನ ದಾಖಲೆಯಾದ ಡಿಸ್ಟ್-ಅಪ್‌ಗ್ರೇಡ್ (dist-upgrade) ಲಾಗ್‌ನಲ್ಲಿ ‘ಬ್ರೋಕನ್’ ಇರುವ ಸಾಲುಗಳನ್ನು ಇಲ್ಲಿ ಹಾಕಿ, ನೋಡುತ್ತೇನೆ.