ಶಾಲೆಯ ಸಂಗೀತಕ್ಕೆ ಸಣ್ಣ ಅನುದಾನ: ಯಾರಲ್ಲಿ ಕೇಳುವುದು, ಯಾವುದಕ್ಕೆ ಕೇಳುವುದು?

ಕಾಸರಗೋಡಿನ ಕುಂಬಳೆ ಕಡೆಯ ಕನ್ನಡ ಯುಪಿ (ಹಿರಿಯ ಪ್ರಾಥಮಿಕ) ಶಾಲೆಗೆ ಹಾರ್ಮೋನಿಯಂ, ತಬಲ ಕೊಳ್ಳಲು ಇಪ್ಪತ್ತು ಸಾವಿರದಷ್ಟು ಅನುದಾನ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. ಟೀಚರೇ, ನಾನು ಪಕ್ಕದ ಊರಿನ ಶಾಲೆಯ ಪಿಟಿಎಯಲ್ಲಿ (ಶಿಕ್ಷಕ-ರಕ್ಷಕ ಸಂಘದಲ್ಲಿ) ಕೆಲವು ವರ್ಷ ಇದ್ದವನು. ಹಣದ ದಾರಿ ಹೇಳುತ್ತೇನೆ. ಆದರೆ ಆ ಹಣವನ್ನು ವಾದ್ಯಕ್ಕಿಂತ ಮೊದಲು ಕಲಿಸುವವರ ಗೌರವಧನಕ್ಕೆಂದು ಕೇಳಿ.

ವಾದ್ಯ ಕೊಡಿಸುವವರು ಸಿಗುತ್ತಾರೆ, ಹಳೆ ವಿದ್ಯಾರ್ಥಿಗಳು ಶಾಲಾ ವಾರ್ಷಿಕೋತ್ಸವದ ದಿನವೇ ಕೊಟ್ಟುಬಿಡುತ್ತಾರೆ. ವಾರವಾರ ಬಂದು ಕೂತು ಮಕ್ಕಳಿಂದ ಸರಳೆ (ಮೊದಲ ಸ್ವರಪಾಠ) ಹಾಡಿಸುವವರಿಗೆ ಗೌರವಧನ ಕೊಡುವವರು ಸಿಗುವುದಿಲ್ಲ. ಬಾರಿಸುವವರಿಲ್ಲದ ತಬಲ, ಮದ್ದಳೆಗಳು ನಮ್ಮ ಮಳೆಗಾಲ ತಡೆಯುವುದಿಲ್ಲ. ಚರ್ಮ ತಂಪು ಹೊಡೆದು ನಾದ ಹೋಗುತ್ತದೆ, ಮತ್ತೆ ಹೊಸ ಚರ್ಮದ ಮುಚ್ಚಿಗೆ ಹಾಕಿಸುವ ಖರ್ಚು. ಆದ್ದರಿಂದ ಅರ್ಜಿಯಲ್ಲಿ ಗೌರವಧನವನ್ನು ಮೊದಲು ಬರೆಯಿರಿ, ರಿಪೇರಿಯನ್ನು ಆಮೇಲೆ, ಹೊಸ ವಾದ್ಯವನ್ನು ಕೊನೆಗೆ.

ನಿಮ್ಮದು ಸರಕಾರಿ ಶಾಲೆಯಾದರೆ ಹತ್ತಿರದ ಬಾಗಿಲು ಗ್ರಾಮ ಪಂಚಾಯತು. ಕೇರಳದಲ್ಲಿ ಸರಕಾರಿ ಎಲ್‌ಪಿ (ಕಿರಿಯ ಪ್ರಾಥಮಿಕ), ಯುಪಿ ಶಾಲೆಗಳು ಅದರ ಕೈಯಲ್ಲಿವೆ. ಹೈಸ್ಕೂಲು ಜಿಲ್ಲಾ ಪಂಚಾಯತಿನದ್ದು. ಪಂಚಾಯತಿನ ವಾರ್ಷಿಕ ಯೋಜನೆ ಮೊದಲು ಅದನ್ನು ರೂಪಿಸುವ ವರ್ಕಿಂಗ್ ಗ್ರೂಪಿನಲ್ಲಿ, ಗ್ರಾಮಸಭೆಯಲ್ಲಿ ಮೊಳೆಯುತ್ತದೆ. ಅಲ್ಲಿ ನಿಮ್ಮ ಶಾಲೆಯ ಸಂಗೀತದ ಮಾತು ಬರದಿದ್ದರೆ ಆಮೇಲೆ ಪ್ರೆಸಿಡೆಂಟರ ಮನೆಗೆ ನಡೆದು ಪ್ರಯೋಜನವಿಲ್ಲ. ವಾರ್ಡ್ ಮೆಂಬರರನ್ನು ಒಂದು ಸಲ ಶಾಲೆಗೆ ಕರೆದು ಮಕ್ಕಳ ಹಾಡು ಕೇಳಿಸಿ, ನಾಲ್ಕು ಪುಟದ ಅರ್ಜಿಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ. ಕನ್ನಡ ಅರ್ಜಿಯ ಜೊತೆ ಮಲಯಾಳದ ಪ್ರತಿಯೂ ಇರಲಿ. ಕನ್ನಡದಲ್ಲಿ ಕೊಡುವುದು ನಮ್ಮ ಹಕ್ಕೇ. ಆದರೆ ಭಾಷೆ ಗೊತ್ತಿಲ್ಲದ ಗುಮಾಸ್ತರ ಮೇಜಿನಲ್ಲಿ ಫೈಲು ಮಲಗಬಾರದಲ್ಲ.

ಕೇಂದ್ರದ ಶಾಲಾ ಶಿಕ್ಷಣ ಯೋಜನೆಯಾದ ಸಮಗ್ರ ಶಿಕ್ಷಾದ ಕಾಂಪೊಸಿಟ್ ಗ್ರಾಂಟ್ (ಶಾಲೆಯ ವಾರ್ಷಿಕ ಖರ್ಚಿನ ಅನುದಾನ) ಕೂಡ ಇದೆ. ನಿಯಮದ ಪ್ರಕಾರ 31ರಿಂದ 100 ಮಕ್ಕಳಿರುವ ಸರಕಾರಿ ಶಾಲೆಗೆ ವರ್ಷಕ್ಕೆ 25,000 ರೂಪಾಯಿ, 250ರವರೆಗೆ 50,000. ಕರೆಂಟು, ನೀರು, ಶುಚಿತ್ವ ಎಲ್ಲ ಅದರಿಂದಲೇ ನಡೆಯಬೇಕು. ಕಲಿಕೋಪಕರಣದ ಹೆಸರಲ್ಲಿ ಒಂದು ಶ್ರುತಿಪೆಟ್ಟಿಗೆ ದಕ್ಕಿದರೆ ಅದೇ ದೊಡ್ಡದು. ಪಿಎಂ ಶ್ರೀ ಎಂಬ ಇನ್ನೊಂದು ಶಾಲಾ ಯೋಜನೆಯ ತಕರಾರಿನಲ್ಲಿ ಕೇಂದ್ರದ ಈ ಹಣ ಕೇರಳಕ್ಕೆ ತಡೆದುಹೋದದ್ದೂ ಉಂಟು, ಹಾಗಾಗಿ ಇದನ್ನೇ ನೆಚ್ಚಬೇಡಿ.

ಹಣದ ಬದಲು ಜನರನ್ನೇ ಕೊಡುವ ದಾರಿ ನನಗೆ ಹೆಚ್ಚು ಇಷ್ಟ. ರಾಜ್ಯದ ಸಂಸ್ಕೃತಿ ಇಲಾಖೆಯ ವಜ್ರಜೂಬಿಲಿ ಫೆಲೋಶಿಪ್‌ನಲ್ಲಿ ಯುವ ಕಲಾವಿದರು ಬ್ಲಾಕ್ ಪಂಚಾಯತು, ನಗರಸಭೆಗಳ ಮೂಲಕ ಉಚಿತವಾಗಿ ಕಲಿಸುತ್ತಾರೆ. ನಿಮ್ಮ ಬ್ಲಾಕಿನಲ್ಲಿ ಯಾರಿದ್ದಾರೆಂದು ವಿಚಾರಿಸಿ. ಬಿಆರ್‌ಸಿಯಲ್ಲಿ (ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ) ಸಂಗೀತದ ಸ್ಪೆಷಲಿಸ್ಟ್ ಟೀಚರ್ ಇದ್ದರೆ ವಾರದಲ್ಲಿ ಅರ್ಧ ದಿನವಾದರೂ ಕೇಳಿಕೊಳ್ಳಿ. ಇದು ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಟೀಚರೇ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತಿರುತ್ತದೆ. ಆ ತಿಂಗಳುಗಳಲ್ಲಿ ಭಾಗವತರೂ ಚೆಂಡೆ-ಮದ್ದಳೆಯವರೂ ಊರಲ್ಲೇ ಸಿಗುತ್ತಾರೆ. ಜೂನ್‌ನಲ್ಲಿ ಶಾಲೆ ತೆರೆದ ಕೂಡಲೇ ಅವರನ್ನು ಮಾತಾಡಿಸಿ.

ಒಂದು ಮಾತ್ರ ಬೇಡ. ಸಿಕ್ಕಿದ ಹಣವನ್ನು ಶಾಲಾ ಕಲಾಸ್ಪರ್ಧೆಯಾದ ಕಲೋತ್ಸವ ಹತ್ತಿರ ಬಂದಾಗ ನಾಲ್ಕು ಮಕ್ಕಳ ತರಬೇತಿಗೆ, ಬಾಡಿಗೆ ವೇಷಕ್ಕೆ ಸುರಿಯಬೇಡಿ. ಎ ಗ್ರೇಡ್ ಬಂದರೆ ಸಂತೋಷವೇ. ಉಳಿದ ಮಕ್ಕಳು ಸಭೆಯಲ್ಲಿ ಕೂತು ಕೈ ತಟ್ಟುವುದಕ್ಕೆ ಮಾತ್ರ ಉಳಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಶಾಲೆ ಏಡೆಡ್ (ಸರಕಾರಿ ಅನುದಾನಿತ ಖಾಸಗಿ) ಆಗಿದ್ದರೆ ಪಂಚಾಯತಿನ ಹಣ, ಕಾಂಪೊಸಿಟ್ ಗ್ರಾಂಟ್ ಎರಡೂ ಕಷ್ಟ. ಆಗ ಮ್ಯಾನೇಜರು, ಪಿಟಿಎ, ಹಳೆ ವಿದ್ಯಾರ್ಥಿಗಳನ್ನು ಒಟ್ಟಿಗೆ ಕೂರಿಸಿ, ತಿಂಗಳ ಗೌರವಧನವನ್ನು ಹಂಚಿಕೊಳ್ಳಲು ಕೇಳಿ. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೂ ಬರೆದು ನೋಡಿ, ಗಡಿಯಾಚೆಯ ಕನ್ನಡ ಶಾಲೆಗಳಿಗೆ ಅದು ನೆರವಾಗಿದೆ. ನಿಮ್ಮ ಶಾಲೆ ಯಾವ ಬಗೆಯದ್ದು, ಎಷ್ಟು ಮಕ್ಕಳು ಎಂದು ತಿಳಿಸಿದರೆ ಅರ್ಜಿಯ ಒಕ್ಕಣೆಗೆ ನಾನೂ ಕೈಜೋಡಿಸುತ್ತೇನೆ.