ಒಂದು ಊರಿನ ‘ಪ್ರಬಲ ಜಾತಿ’ ಯಾವುದೆಂದು ಗುರುತಿಸುವುದು ಹೇಗೆ? ಜನಸಂಖ್ಯೆ ಹೆಚ್ಚಿದ್ದರೆ ಸಾಕೇ?

ಸಾಲದು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿದ್ದು ಅಧ್ಯಯನ ಮಾಡಿದರು. ಅದಕ್ಕೆ ‘ರಾಂಪುರ’ ಎಂದು ಹೆಸರಿಟ್ಟು, 1959ರ ಲೇಖನದಲ್ಲಿ ಈ ಪರಿಕಲ್ಪನೆಯನ್ನು ಬಿಡಿಸಿ ಹೇಳಿದರು. ತಲೆ ಎಣಿಕೆಯ ಜೊತೆಗೆ ಜಮೀನು, ರಾಜಕೀಯ ಹಿಡಿತ, ಜಾತಿ ಶ್ರೇಣಿಯಲ್ಲಿ ತೀರಾ ಕೆಳಗಲ್ಲದ ಸ್ಥಾನ, ಓದು ಮತ್ತು ಸರ್ಕಾರಿ ನೌಕರಿ ಕೂಡ ಲೆಕ್ಕಕ್ಕೆ ಬರುತ್ತವೆ. ರಾಂಪುರದಲ್ಲಿ ಒಕ್ಕಲಿಗರು ಹಾಗಿದ್ದರು. ಬೇರೆ ಜಾತಿಯವರ ವ್ಯಾಜ್ಯಗಳೂ ಅವರ ಮುಖಂಡರ ಮುಂದೆ ತೀರ್ಮಾನವಾಗುತ್ತಿದ್ದವು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಗಟ್ಟಿ ಗುರುತು.

ಕ್ಷೇತ್ರಕಾರ್ಯ ಮಾಡುವವರು ಮೊದಲು ಪಹಣಿ ನೋಡಿ, ಆದರೆ ಅದನ್ನೇ ನಂಬಬೇಡಿ. ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗದೆ ತೀರಿಹೋದ ಅಜ್ಜನ ಹೆಸರೇ ಉಳಿದಿರುತ್ತದೆ. ಉಳುವವರು ಬೇರೆ, ಫಸಲು ಒಯ್ಯುವವರು ಬೇರೆ ಇರಬಹುದು. ನೀರಾವರಿ ಜಮೀನನ್ನು ಖುಷ್ಕಿಯಿಂದ (ಮಳೆ ನಂಬಿದ ಜಮೀನಿನಿಂದ) ಬೇರೆಯಾಗಿಯೇ ಲೆಕ್ಕ ಹಾಕಿ. ಆಮೇಲೆ ಪಂಚಾಯಿತಿ ಅಧ್ಯಕ್ಷರು ಯಾರೆಂಬುದಕ್ಕಿಂತ, ಸಭೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ವಿಚಾರಿಸಿ. ಮೀಸಲು ಸ್ಥಾನದಲ್ಲಿ ಗೆದ್ದವರ ಹಿಂದೆ ಬೇರೊಬ್ಬರ ಕೈ ಇರುವುದುಂಟು.

ಇನ್ನೊಂದು ಎಚ್ಚರಿಕೆ: ಒಂದು ಊರಿನಲ್ಲಿ ಪ್ರಬಲವಾದ ಜಾತಿ ಪಕ್ಕದ ಹೋಬಳಿಯಲ್ಲಿ ದುರ್ಬಲವಾಗಿರಬಹುದು. ಇಡೀ ಜಾತಿಯ ಕೈಯಲ್ಲಿ ಅಧಿಕಾರವಿದೆ ಎನ್ನುವುದನ್ನೂ ಮಾನವಶಾಸ್ತ್ರಜ್ಞ ಎಸ್.ಸಿ. ದುಬೆ ಪ್ರಶ್ನಿಸಿದರು: ಬಲ ಇರುವುದು ಕೆಲವು ಮನೆತನ, ಬಣಗಳ ಬಳಿ. ಅದೇ ಜಾತಿಯ ಕೂಲಿಕಾರನಿಗೆ ಅದರಲ್ಲಿ ಪಾಲಿಲ್ಲ. ಈ ಆಕ್ಷೇಪ ಸರಿಯಾದದ್ದೇ, ಹಾಗಾಗಿ ಜಾತಿಯ ಒಟ್ಟು ಎಕರೆ ಬರೆದು ನಿಲ್ಲಿಸದೆ ಮನೆವಾರು ಹಿಡುವಳಿಯನ್ನೂ ಬರೆದುಕೊಳ್ಳಿ.