ಟ್ಯಾಂಕಿನಲ್ಲಿ ಚೆನ್ನಾಗಿದ್ದ ನೀರು ಕೊನೆಯ ನಲ್ಲಿಯಲ್ಲಿ ಕೆಟ್ಟಿದ್ದೇಕೆ?

ಓದುಗರ ಪತ್ರ (ಸಂಕ್ಷಿಪ್ತಗೊಳಿಸಿದೆ): ನಮ್ಮದು ತುಮಕೂರು ಜಿಲ್ಲೆಯ ಸಣ್ಣ ಹಳ್ಳಿ. 180 ಮನೆಗಳಿವೆ. ಜಲಜೀವನ್ ಮಿಷನ್ನಿನಲ್ಲಿ ಮನೆಮನೆಗೂ ನಲ್ಲಿ ಬಂದಿದೆ. ಕೊಳವೆಬಾವಿಯಿಂದ 50,000 ಲೀಟರಿನ ಓವರ್‌ಹೆಡ್ ಟ್ಯಾಂಕ್ ತುಂಬಿಸಿ, ದಿನ ಬಿಟ್ಟು ದಿನ ಒಂದು ಗಂಟೆ ನೀರು ಬಿಡುತ್ತಾರೆ. ಮೊದಲ ಮಳೆ ಬಿದ್ದ ವಾರ ಕೊನೆಯ ಬೀದಿಯಲ್ಲಿ ಮಾತ್ರ ಹಲವರಿಗೆ ವಾಂತಿ-ಭೇದಿಯಾಯಿತು. ಪಂಚಾಯಿತಿಯಲ್ಲಿ ಕೇಳಿದರೆ ನೀರು ಪರೀಕ್ಷೆಯಲ್ಲಿ ಪಾಸಾಗಿದೆ ಎಂದು ವರದಿ ತೋರಿಸಿದರು. ಅದರ ಪ್ರತಿ ಕಳಿಸಿದ್ದೇನೆ. ವಾಸನೆ ಬರುತ್ತದೆ, ಕೂದಲು ಉದುರುತ್ತದೆ ಎಂದು ಜನ ಗಲಾಟೆ ಮಾಡಿದ್ದರಿಂದ ಬ್ಲೀಚಿಂಗ್ ಪೌಡರನ್ನು ತಿಂಗಳಿಗೆ ಎರಡೇ ಸಲ ಹಾಕುತ್ತಾರೆ. ವರದಿ ಸರಿಯಿದ್ದರೂ ಕಾಯಿಲೆ ಏಕೆ ಬಂತು? ಮನೆಗೊಂದು ಫಿಲ್ಟರ್ ಮೆಷಿನ್ ಕೊಳ್ಳುವುದೇ ದಾರಿಯೇ?

ಸಂಪಾದಕರ ಉತ್ತರ:

ತಾವು ವರದಿಯ ಪ್ರತಿಯನ್ನೂ ಕಳಿಸಿದ್ದು ಒಳ್ಳೆಯದಾಯಿತು. ಉತ್ತರದ ಅರ್ಧ ಭಾಗ ಅದರಲ್ಲೇ ಇದೆ. ಟಿಡಿಎಸ್ (ಕರಗಿದ ಲವಣಗಳ ಒಟ್ಟು ಪ್ರಮಾಣ) 840, ಗಡಸುತನ 420, ಫ್ಲೋರೈಡ್ 1.3, ನೈಟ್ರೇಟ್ 38, ಎಲ್ಲವೂ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ಕುಡಿಯುವ ನೀರಿನ ಭಾರತೀಯ ಮಾನಕ 10500ರ ಪ್ರಕಾರ ಇವೆಲ್ಲ ಬೇರೆ ನೀರಿನ ಮೂಲವಿಲ್ಲದಾಗ ಒಪ್ಪಬಹುದಾದ ಮಿತಿಯ ಒಳಗೇ ಇವೆ. ಆದರೆ ಎರಡು ಸಂಗತಿ ಗಮನಿಸಿ. ಮಾದರಿ ತೆಗೆದ ಜಾಗ ಎಂಬಲ್ಲಿ ‘ಕೊಳವೆಬಾವಿ’ ಎಂದಿದೆ. ಜೀವಾಣು ಪರೀಕ್ಷೆಯ ಕಾಲಂ ಖಾಲಿ ಇದೆ. ಅಂದರೆ ಪಾಸಾಗಿರುವುದು ಭೂಮಿಯೊಳಗಿನ ನೀರು, ಅದೂ ಲವಣಗಳ ಮಟ್ಟಿಗೆ. ಕೊನೆಯ ಬೀದಿಯ ಮಕ್ಕಳು ಕುಡಿದ ನೀರನ್ನು ಯಾರೂ ಪರೀಕ್ಷಿಸಿಲ್ಲ.

ಮೇಲಿನ ಬೀದಿಗಳಲ್ಲಿ ಯಾರಿಗೂ ಏನೂ ಆಗದೆ, ಕೊನೆಯ ಬೀದಿಗೆ ಮಾತ್ರ ಕಾಯಿಲೆ ಬಂದಿದ್ದರೆ ಮೊದಲು ಅನುಮಾನಿಸಬೇಕಾದ್ದು ಬಾವಿಯನ್ನಲ್ಲ, ಟ್ಯಾಂಕನ್ನೂ ಅಲ್ಲ, ನಡುವಿನ ಪೈಪನ್ನು. ಇಪ್ಪತ್ತನಾಲ್ಕು ಗಂಟೆ ನೀರು ತುಂಬಿರುವ ಪೈಪಿನಲ್ಲಿ ಒತ್ತಡ ಒಳಗಿನಿಂದ ಹೊರಕ್ಕೆ ಇರುತ್ತದೆ. ಬಿರುಕಿದ್ದರೆ ನೀರು ಸೋರಿ ಪೋಲಾಗುತ್ತದೆ, ಕೊಳೆ ಒಳಗೆ ಬರುವುದಿಲ್ಲ. ನಿಮ್ಮಲ್ಲಿ 48 ಗಂಟೆಯಲ್ಲಿ ಒಂದು ಗಂಟೆ ಮಾತ್ರ ನೀರು. ನೀರುಗಂಟಿ ವಾಲ್ ಮುಚ್ಚಿದ ಮೇಲೆ ಪೈಪಿನಲ್ಲಿ ಉಳಿದದ್ದು ತಗ್ಗಿನ ಮನೆಗಳತ್ತ ಇಳಿದುಹೋಗುತ್ತದೆ. ಹಿಂದೆ ಖಾಲಿಯಾದ ಪೈಪು ಸುತ್ತಲಿನದನ್ನು ಒಳಕ್ಕೆ ಎಳೆಯುತ್ತದೆ. ಚರಂಡಿಯೊಳಗೆ ಹಾದ ಪೈಪಿನ ಜಾಯಿಂಟು, ಸೈಕಲ್ ಟ್ಯೂಬ್ ಸುತ್ತಿ ಬಿಗಿದ ಒಡಕು, ಮಳೆನೀರು ತುಂಬಿದ ವಾಲ್ ಗುಂಡಿ, ಎಲ್ಲಿ ಸಂದು ಸಿಕ್ಕರೆ ಅಲ್ಲಿಂದ. ಮೊದಲ ಮಳೆಗೇ ಕಾಯಿಲೆ ಬಂದದ್ದೂ ಇದಕ್ಕೇ. ಬೇಸಿಗೆಯಿಡೀ ಒಣಗಿದ್ದ ಗುಂಡಿಗಳಿಗೆ ಬೀದಿಯ ಕೊಳೆಯೆಲ್ಲ ಅವತ್ತು ಹರಿದು ಬರುತ್ತದೆ.

ನಮ್ಮ ಹಳ್ಳಿಗಳಲ್ಲಿ ಇದಕ್ಕಿಂತ ದೊಡ್ಡ ಬಾಗಿಲು ಇನ್ನೊಂದಿದೆ. ಒತ್ತಡ ಸಾಲದ ಮನೆಯವರು ಬೀದಿಯ ಮಟ್ಟಕ್ಕಿಂತ ಕೆಳಗೆ ಗುಂಡಿ ತೋಡಿ ಅದರೊಳಗೆ ನಲ್ಲಿ ಇಡುತ್ತಾರೆ. ಎಷ್ಟೋ ಕಡೆ ನಲ್ಲಿಯ ತಲೆಯೇ ಇರುವುದಿಲ್ಲ, ಬರೀ ಪೈಪಿನ ಬಾಯಿ. ಬಿಂದಿಗೆ ತುಂಬುವಾಗ ಚೆಲ್ಲಿದ ನೀರು, ಕಾಲು ತೊಳೆದ ನೀರು, ಮಳೆನೀರು ಎಲ್ಲ ಆ ಗುಂಡಿಯಲ್ಲಿ ನಿಲ್ಲುತ್ತದೆ. ಸರಬರಾಜು ನಿಂತ ಕ್ಷಣ ಅದು ಪೈಪಿನೊಳಕ್ಕೆ ಹಿಂದಿರುಗುತ್ತದೆ. ಪೈಪಿಗೇ ನೇರ ಮೋಟಾರ್ ಹಾಕಿ ಎಳೆಯುವ ಮನೆ ಒಂದಿದ್ದರಂತೂ ನೀರು ಬರುತ್ತಿರುವ ಹೊತ್ತಿನಲ್ಲೇ ಅಕ್ಕಪಕ್ಕದ ಸಂದುಗಳಿಂದ ಕೊಳೆ ಎಳೆದುಕೊಳ್ಳುತ್ತದೆ. ಎಲ್ಲರ ಕೊಳೆಯೂ ಸೇರುವುದು ತಗ್ಗಿನಲ್ಲಿ, ಕೊನೆಯಲ್ಲಿ. ಊರಿನ ಕೊನೆಯಲ್ಲಿ ಯಾರ ಬೀದಿ ಇರುತ್ತದೆ ಎಂಬುದು ನಮ್ಮೆಲ್ಲರಿಗೂ ಗೊತ್ತಿರುವುದೇ. ಆದ್ದರಿಂದ ಇದು ಬರೀ ಪೈಪಿನ ಪ್ರಶ್ನೆ ಎಂದು ನಾವು ಒಪ್ಪುವುದಿಲ್ಲ.

ಕೊಳೆ ಸೇರುವ ಜಾಗವನ್ನು ಊರೆಲ್ಲ ಅಗೆಯದೆ ಹುಡುಕಬಹುದು. ಅದಕ್ಕೆ ಕ್ಲೋರಿನ್ ಬೇಕು, ಆದ್ದರಿಂದ ಬ್ಲೀಚಿಂಗ್ ಪೌಡರಿನ ಮಾತು ಮೊದಲು.

ತಿಂಗಳಿಗೆ ಎರಡು ಸಲ ಹಾಕುವುದೂ ಹಾಕದಿರುವುದೂ ಹೆಚ್ಚು ಕಡಿಮೆ ಒಂದೇ. ಪೌಡರು ಕೆಲಸ ಮಾಡುವುದು ಆ ಸಲ ತುಂಬಿದ ನೀರಿನ ಮೇಲೆ ಮಾತ್ರ. ಟ್ಯಾಂಕ್ ಎಷ್ಟು ಸಲ ತುಂಬುತ್ತದೋ ಅಷ್ಟು ಸಲವೂ ಹಾಕಬೇಕು. ಲೆಕ್ಕ ಸುಲಭ. ಹೊಸ ಪೌಡರಿನಲ್ಲಿ ನೂರಕ್ಕೆ 33ರಷ್ಟು ಕ್ಲೋರಿನ್ ಇರುತ್ತದೆ. ಚೀಲ ಒಡೆದು ಸ್ವಲ್ಪ ದಿನವಾದದ್ದಕ್ಕೆ 25 ಎಂದು ಹಿಡಿಯಿರಿ. ಆಗ 1,000 ಲೀಟರಿಗೆ 4 ಗ್ರಾಂ ಹಾಕಿದರೆ ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಸಿಗುತ್ತದೆ. ನಿಮ್ಮ 50,000 ಲೀಟರಿನ ಟ್ಯಾಂಕಿಗೆ 200 ಗ್ರಾಂ. ಮಳೆಗಾಲದಲ್ಲಿ, ಕಾಯಿಲೆ ಕಾಣಿಸಿಕೊಂಡಾಗ ಇದನ್ನು 400 ಗ್ರಾಂವರೆಗೆ ಏರಿಸಿ ಪರೀಕ್ಷೆ ಮಾಡಿ ನೋಡಬೇಕು. ತಿಂಗಳಿಗೆ 15 ಸಲ ಟ್ಯಾಂಕ್ ತುಂಬಿದರೂ 200 ಗ್ರಾಂ ಲೆಕ್ಕದಲ್ಲಿ 3 ಕಿಲೋ ಪೌಡರು ಸಾಕು. ಇಷ್ಟಕ್ಕೆ ದುಡ್ಡಿಲ್ಲ ಎಂದು ಯಾವ ಪಂಚಾಯಿತಿಯೂ ಹೇಳುವಂತಿಲ್ಲ.

ಹಾಕುವ ಕ್ರಮದಲ್ಲೇ ಹೆಚ್ಚಿನವರು ಎಡವುವುದು. ಪುಡಿಯನ್ನು ಹಾಗೇ ಟ್ಯಾಂಕಿಗೆ ಸುರಿಯಬಾರದು, ಬಟ್ಟೆಗಂಟು ಕಟ್ಟಿ ಇಳಿಬಿಡಲೂಬಾರದು. ಹಾಗೆ ಮಾಡಿದರೆ ಮೊದಲ ಬೀದಿಗೆ ಮೂಗು ಮುಚ್ಚುವಷ್ಟು ವಾಸನೆ, ಉಳಿದವರಿಗೆ ಏನೂ ಇಲ್ಲ. ಪ್ಲಾಸ್ಟಿಕ್ ಬಕೆಟಿನಲ್ಲಿ ಪುಡಿಗೆ ಸ್ವಲ್ಪ ನೀರು ಹಾಕಿ ದೋಸೆಹಿಟ್ಟಿನ ಹದಕ್ಕೆ ಕಲಸಿ. ಗಂಟು ಒಡೆದ ಮೇಲೆ ಬಕೆಟ್ ತುಂಬ ನೀರು ಹಾಕಿ ಕೋಲಿನಿಂದ ತಿರುಗಿಸಿ, ಕಾಲು ಗಂಟೆ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ, ಬೋರಿನ ನೀರು ಬೀಳುತ್ತಿರುವ ಜಾಗಕ್ಕೆ, ಟ್ಯಾಂಕ್ ಕಾಲುಭಾಗ ತುಂಬಿದಾಗ ಸುರಿಯಿರಿ. ಬೀಳುವ ನೀರೇ ಅದನ್ನು ಕಲಸುತ್ತದೆ. ಟ್ಯಾಂಕ್ ತುಂಬಿ ಕನಿಷ್ಠ ಅರ್ಧ ಗಂಟೆ ಕಳೆಯದೆ ಊರಿಗೆ ನೀರು ಬಿಡಬಾರದು, ಅಷ್ಟು ಹೊತ್ತಾದರೂ ಕ್ಲೋರಿನ್ನಿಗೆ ರೋಗಾಣು ಕೊಲ್ಲಲು ಬೇಕು. ಪೌಡರಿನ ಚೀಲವನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ಬಿಸಿಲು ತೇವ ತಾಗದಂತೆ, ಗೊಬ್ಬರ, ಸೀಮೆಎಣ್ಣೆ, ಆಸಿಡ್ ಯಾವುದೂ ಹತ್ತಿರವಿಲ್ಲದಂತೆ ಇಡಿ. ಮೂಗಿಗೆ ಘಾಟು ಬಡಿಯದ, ಉಂಡೆ ಕಟ್ಟಿದ ಪೌಡರು ಬರೀ ಸುಣ್ಣ. ಅದನ್ನು ಎಷ್ಟು ಸುರಿದರೂ ವ್ಯರ್ಥ.

ವಾಸನೆಯ ದೂರು ಸುಳ್ಳಲ್ಲ. ಆದರೆ ಕಾರಣ ಬಹಳ ಸಲ ಜನ ತಿಳಿದಿರುವುದಕ್ಕೆ ವಿರುದ್ಧ. ಕ್ಲೋರಿನ್ ಕೊಳೆಯೊಡನೆ ಸೇರಿದಾಗ ಹುಟ್ಟುವ ವಾಸನೆ ಶುದ್ಧ ನೀರಿನಲ್ಲಿರುವ ಕ್ಲೋರಿನ್ನಿನ ವಾಸನೆಗಿಂತ ಗಾಢ. ಅಳತೆಯಲ್ಲಿ ಹಾಕಿದ ಕ್ಲೋರಿನ್ ಮೂಗಿಗೆ ತಿಳಿದೂ ತಿಳಿಯದಷ್ಟು. ಬೇಡವೆನಿಸಿದರೆ ಹಿಡಿದ ನೀರನ್ನು ಬಟ್ಟೆ ಮುಚ್ಚಿ ಕೆಲವು ಗಂಟೆ ಇಟ್ಟರೆ ವಾಸನೆ ಕಡಿಮೆಯಾಗುತ್ತದೆ. ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2, ಹೆಚ್ಚೆಂದರೆ 1 ಮಿಲಿಗ್ರಾಂ ಕ್ಲೋರಿನ್ ಇರಬೇಕೆಂಬುದು ನಮ್ಮ ಮಾನಕ. ಇದರೊಳಗಿನ ಕ್ಲೋರಿನ್ನಿನಿಂದ ಕೂದಲು ಉದುರುತ್ತದೆ ಎಂಬ ಭಯ ಬೇಡ. ಗಡಸು ನೀರಿನಲ್ಲಿ ತಲೆ ತೊಳೆದರೆ ಸಾಬೂನು ನೊರೆ ಬಾರದೆ ಕೂದಲು ಒರಟಾಗುತ್ತದೆ. ನಿಮ್ಮ ನೀರಿನ ಗಡಸುತನ 420. ಜನ ಬ್ಲೀಚಿಂಗ್ ಮೇಲೆ ಹೊರಿಸಿರುವುದು ಬಹುಶಃ ಈ ತಪ್ಪನ್ನು.

ಈಗ ಹುಡುಕುವ ಕೆಲಸ. ಜಲಜೀವನ್ ಮಿಷನ್ನಿನಲ್ಲಿ ಪ್ರತಿ ಹಳ್ಳಿಯಲ್ಲೂ ಐವರು ಹೆಣ್ಣುಮಕ್ಕಳಿಗೆ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ. ನಿಮ್ಮೂರಲ್ಲಿ ಅವರು ಯಾರೆಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು (ಪಿಡಿಒ) ಕೇಳಿ. ಕಿಟ್ಟು ಬೀರುವಿನಲ್ಲಿದ್ದರೆ ಹೊರಗೆ ತೆಗೆಸಿ, ದ್ರಾವಣಗಳ ಅವಧಿ ಮುಗಿದಿದೆಯೇ ನೋಡಿ. ನೀರು ಬಿಡುವ ದಿನ, ಬಿಟ್ಟ ಹತ್ತು ನಿಮಿಷದ ಮೇಲೆ, ಟ್ಯಾಂಕಿನ ಹತ್ತಿರದ ಮೊದಲ ನಲ್ಲಿಯಿಂದ ಕ್ಲೋರಿನ್ ಅಳೆಯಲು ಶುರು ಮಾಡಿ. ಹತ್ತು ನಿಮಿಷ ಕಾಯುವುದು ಪೈಪಿನಲ್ಲಿ ನಿಂತಿದ್ದ ಹಳೆಯ ನೀರು ಹೋಗಲೆಂದು. ಕಿಟ್ಟಿನ ಪರೀಕ್ಷಾ ಕೊಳವೆಯನ್ನು ಅದೇ ನೀರಲ್ಲಿ ಎರಡು ಸಲ ತೊಳೆದು ಗೆರೆಯವರೆಗೆ ತುಂಬಿ, ಹೇಳಿದಷ್ಟು ಹನಿ ದ್ರಾವಣ ಹಾಕಿ, ಬಣ್ಣವನ್ನು ತಟ್ಟನೆ ಪಟ್ಟಿಗೆ ಹೋಲಿಸಿ. ಹಳದಿ ಬರುವ ಆರ್ಥೋಟಾಲಿಡಿನ್ ದ್ರಾವಣವಾದರೆ ಹತ್ತು ಸೆಕೆಂಡಿನೊಳಗೆ ಓದಬೇಕು. ತಡವಾದರೆ ಕೊಳೆಯೊಡನೆ ಸೇರಿದ ಕ್ಲೋರಿನ್ ಕೂಡ ಬಣ್ಣ ಕೊಟ್ಟು ಮೋಸ ಮಾಡುತ್ತದೆ. ಆ ದ್ರಾವಣ ವಿಷ. ಪರೀಕ್ಷಿಸಿದ ನೀರನ್ನು ಚೆಲ್ಲಿ ಕೈ ತೊಳೆಯಿರಿ.

ಮೊದಲ ನಲ್ಲಿಯಲ್ಲಿ 0.5 ಇದೆ, ಎಂಟನೇ ಮನೆಯಲ್ಲಿ 0.4, ಹದಿನೈದನೇ ಮನೆಯಲ್ಲಿ ಬಣ್ಣವೇ ಇಲ್ಲ ಎಂದುಕೊಳ್ಳಿ. ಆ ಎಂಟು ಮತ್ತು ಹದಿನೈದರ ನಡುವೆ ಎಲ್ಲೋ ಕೊಳೆ ಸೇರಿ ಕ್ಲೋರಿನ್ನನ್ನು ತಿಂದಿದೆ. ನಡುವಿನ ಮನೆಗಳಲ್ಲಿ ಮತ್ತೆ ನೋಡುತ್ತಾ ಹೋದರೆ ಎರಡು ಮೂರು ಮನೆಗಳ ಅಂತರಕ್ಕೆ ಬಂದು ನಿಲ್ಲುತ್ತೀರಿ. ಅಗೆಯುವುದು ಅಲ್ಲಿ. ಹಾಗೆ ಒಂದೇ ಜಾಗದಲ್ಲಿ ಬೀಳದೆ ಉದ್ದಕ್ಕೂ ನಿಧಾನವಾಗಿ ಕಡಿಮೆಯಾಗುತ್ತಾ ಹೋದರೆ ಪೈಪಿನೊಳಗೆ ಹೂಳು, ಲೋಳೆ ಕಟ್ಟಿದೆ ಎಂದರ್ಥ. ಆಗ ಕೊನೆಯ ತುದಿಯ ವಾಷ್‌ಔಟ್ ವಾಲ್ (ಪೈಪಿನ ಹೂಳು ಹೊರಹಾಕುವ ವಾಲ್) ತೆರೆದು ನೀರು ತಿಳಿಯಾಗುವವರೆಗೆ ಹರಿಯಬಿಡಬೇಕು. ಎಷ್ಟೋ ಕಡೆ ಈ ವಾಲನ್ನೇ ಹಾಕಿರುವುದಿಲ್ಲ, ತುದಿಗೆ ಕ್ಯಾಪ್ ಬಡಿದು ಮಣ್ಣು ಮುಚ್ಚಿರುತ್ತಾರೆ. ನಿಮ್ಮಲ್ಲಿ ಹಾಗಿದ್ದರೆ ಅದನ್ನು ಹಾಕಿಸುವುದೇ ಮೊದಲ ರಿಪೇರಿ.

ಒಡೆದ ಜಾಗ ಸಿಕ್ಕಾಗ ಟ್ಯೂಬ್ ಸುತ್ತಬೇಡಿ. ತೋಡಿದ ಗುಂಡಿಯ ನೀರನ್ನು ಪೈಪಿಗಿಂತ ಕೆಳಮಟ್ಟಕ್ಕೆ ಎತ್ತಿಹಾಕಿ, ಕೆಟ್ಟ ತುಂಡು ಕತ್ತರಿಸಿ ಹೊಸದು ಜೋಡಿಸಿ. ಚರಂಡಿಯನ್ನು ದಾಟಲೇಬೇಕಾದ ಕಡೆ ನೀರಿನ ಪೈಪು ಚರಂಡಿಯ ಮೇಲಿರಲಿ, ಒಂದು ದೊಡ್ಡ ಪೈಪಿನೊಳಗೆ ತೂರಿಸಿ, ಚರಂಡಿಯ ಭಾಗದಲ್ಲಿ ಜಾಯಿಂಟು ಬಾರದಂತೆ ಇಡೀ ಉದ್ದ ಹಾಕಿ. ಗುಂಡಿಯ ನಲ್ಲಿಗಳನ್ನು ನೆಲದಿಂದ ಮೊಳದಷ್ಟಾದರೂ ಮೇಲಕ್ಕೆ ತರಬೇಕು. ನೀರು ಏರುವುದಿಲ್ಲ ಎನ್ನುತ್ತಾರೆ, ಅದೂ ನಿಜವೇ. ಅದಕ್ಕೆ ಊರನ್ನು ವಾಲ್‌ನಿಂದ ಎರಡು ಭಾಗ ಮಾಡಿ ಒಂದಾದ ಮೇಲೊಂದಕ್ಕೆ ಬಿಟ್ಟರೆ ಒತ್ತಡ ಹೆಚ್ಚುತ್ತದೆ, ಮೋಟಾರ್ ಹಾಕುವ ಆಸೆಯೂ ಕಡಿಮೆಯಾಗುತ್ತದೆ. ಡ್ರಮ್ಮಿಗೆ ರಬ್ಬರ್ ಪೈಪು ಮುಳುಗಿಸಿ ನೀರು ಹಿಡಿಯುವುದನ್ನು ಎಲ್ಲರೂ ಬಿಡಬೇಕು. ನಲ್ಲಿಯ ಬಾಯಿಗೂ ಪಾತ್ರೆಯ ನೀರಿಗೂ ಒಂದು ಗೇಣು ಅಂತರವಿದ್ದರೆ ಹಿಂದೆ ಎಳೆಯಲು ಏನೂ ಸಿಗದು.

ಟ್ಯಾಂಕ್ ತೊಳೆಯುವುದರ ಬಗ್ಗೆ ತಾವು ಕೇಳಿಲ್ಲ, ಆದರೂ ಒಂದು ಮಾತು. ಗೋಡೆ ಉಜ್ಜಿ ಹೂಳು ತೆಗೆದ ಮೇಲೆ 10 ಲೀಟರ್ ನೀರಿಗೆ 10 ಗ್ರಾಂ ಪೌಡರಿನ ತಿಳಿಯನ್ನು ಬ್ರಷ್ಷಿನಿಂದ ಗೋಡೆಗೆ ಬಳಿದು ಅರ್ಧ ಗಂಟೆ ಬಿಟ್ಟು ತೊಳೆದು ಆ ನೀರನ್ನು ಹೊರಗೆ ಬಿಡಬೇಕು. ಒಳಗಿಳಿದವರು ಒಬ್ಬರೇ ಇರಕೂಡದು. ಮುಚ್ಚಿದ ಟ್ಯಾಂಕಿನಲ್ಲಿ ಕ್ಲೋರಿನ್ ಘಾಟು ಉಸಿರು ಕಟ್ಟಿಸುತ್ತದೆ, ಮೇಲೆ ಒಬ್ಬರು ನಿಂತು ಮಾತಾಡಿಸುತ್ತಲೇ ಇರಬೇಕು.

ಫಿಲ್ಟರ್ ಮೆಷಿನ್ನಿನ ಪ್ರಶ್ನೆಗೆ ಬರೋಣ. ಮಾರುವವರು ಟಿಡಿಎಸ್ ಮೀಟರ್ ಅದ್ದಿ 840 ಎಂದು ಹೆದರಿಸುತ್ತಾರೆ. ಆ ಮೀಟರಿಗೆ ರೋಗಾಣು ಕಾಣುವುದಿಲ್ಲ, ಫ್ಲೋರೈಡೂ ಕಾಣುವುದಿಲ್ಲ. ಕರಗಿದ ಲವಣಗಳ ಒಟ್ಟು ಅಂದಾಜು ಮಾತ್ರ. ಎರಡು ಲೋಟಕ್ಕೆ ಕರೆಂಟಿನ ಕಡ್ಡಿ ಇಳಿಸಿ ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿದ್ದನ್ನು ತೋರಿಸಿದರೆ ನಂಬಬೇಡಿ. ಆ ಬಣ್ಣ ಅವರ ಕಬ್ಬಿಣದ ಕಡ್ಡಿಯೇ ಕರಗಿ ಬಂದದ್ದು. ಲವಣ ಕಡಿಮೆಯಿರುವ ನೀರಿನಲ್ಲಿ ಕರೆಂಟ್ ಸರಿಯಾಗಿ ಹರಿಯದೆ ಕಡ್ಡಿ ಕರಗುವುದಿಲ್ಲ, ಅಷ್ಟೇ. ವಾಂತಿ-ಭೇದಿಗೆ ಮದ್ದು ಪೈಪು ಮತ್ತು ಕ್ಲೋರಿನ್ ಸರಿಪಡಿಸುವುದು. ಅಲ್ಲಿಯವರೆಗೆ ಕುಡಿಯುವ ನೀರನ್ನು ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು ಆರಿಸಿ. ಮಗುವಿಗೆ ಭೇದಿ ಶುರುವಾದರೆ ಆಶಾ ಕಾರ್ಯಕರ್ತೆಯಿಂದ ಓಆರ್‌ಎಸ್ ಮತ್ತು ಜಿಂಕ್ ಮಾತ್ರೆ ಪಡೆಯಿರಿ.

ಆದರೆ ಫ್ಲೋರೈಡ್ ಬೇರೆಯೇ ಸಂಗತಿ. ನಿಮ್ಮ 1.3 ಎನ್ನುವುದು 1.0ರ ಅಪೇಕ್ಷಿತ ಮಟ್ಟವನ್ನು ದಾಟಿದೆ, 1.5ರ ಕಡೆಯ ಮಿತಿಗೆ ಹತ್ತಿರವಿದೆ. ಬೇಸಿಗೆಯಲ್ಲಿ ಬೋರಿನ ಮಟ್ಟ ಇಳಿದಾಗ ಇನ್ನೊಮ್ಮೆ ಪರೀಕ್ಷಿಸಬೇಕು. ಇದು ಕ್ಲೋರಿನ್ನಿಗೆ ಬಗ್ಗುವುದಿಲ್ಲ, ಕುದಿಸಿದರೆ ನೀರು ಆವಿಯಾಗಿ ಉಳಿದದ್ದು ಇನ್ನಷ್ಟು ಗಟ್ಟಿಯಾಗುತ್ತದೆ. ನೈಟ್ರೇಟಿಗೂ ಇದೇ ಮಾತು. ಎಂಟು ವರ್ಷದೊಳಗಿನ ಮಕ್ಕಳ ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಕಾಲದಲ್ಲೇ ಕಲೆ ಬೀಳುವುದು. ಆದ್ದರಿಂದ ಮಕ್ಕಳು, ಬಸುರಿಯರು ಇರುವ ಮನೆಗೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಒಳ್ಳೆಯದು. ಅದನ್ನು ಕುಡಿಯಲು ಮಾತ್ರ ಇಟ್ಟುಕೊಂಡು ಅನ್ನ, ಬೇಳೆ, ಮುದ್ದೆಗೆ ನಲ್ಲಿ ನೀರು ಹಾಕಿದರೆ ಲಾಭ ಅರ್ಧಕ್ಕರ್ಧ ಹೋಯಿತು. ಅನ್ನ ಹೀರಿದ ನೀರಿನೊಡನೆ ಫ್ಲೋರೈಡೂ ಹೊಟ್ಟೆಗೇ ಬರುತ್ತದೆ. ಘಟಕದ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲವಾದ್ದರಿಂದ 20 ಲೀಟರ್ ಕ್ಯಾನಿನ ಒಳಗೆ ಲೋಳೆ ಕಟ್ಟಿದ್ದರೆ ರೋಗಾಣು ನಿರಾತಂಕವಾಗಿ ಬೆಳೆಯುತ್ತವೆ. ಕ್ಯಾನನ್ನು ವಾರಕ್ಕೊಮ್ಮೆಯಾದರೂ ಬ್ಲೀಚಿಂಗ್ ತಿಳಿಯಲ್ಲಿ ಕುಲುಕಿ, ಚೆನ್ನಾಗಿ ತೊಳೆದು, ಬೋರಲು ಹಾಕಿ ಒಣಗಿಸಿ.

ಖಾಲಿ ಉಳಿದ ಆ ಜೀವಾಣು ಕಾಲಂ ತುಂಬಿಸಬೇಕು. ಈ ಪರೀಕ್ಷೆ ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಮತ್ತು ಮಳೆಯ ನಂತರ, ಆಗಬೇಕೆಂದಿದೆ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯದಿಂದಲೇ ಸ್ಟೆರೈಲ್ (ರೋಗಾಣುರಹಿತ) ಸೀಸೆ ತನ್ನಿ. ಮನೆಯ ಬಾಟಲಿ ನಡೆಯದು. ಕೊನೆಯ ಬೀದಿಯ ಕೊನೆಯ ನಲ್ಲಿಯ ಬಾಯನ್ನು ಒರೆಸಿ, ಲೋಹದ್ದಾದರೆ ಸ್ಪಿರಿಟ್ ಅದ್ದಿದ ಹತ್ತಿಯ ಉರಿ ತಾಗಿಸಿ, ಎರಡು ನಿಮಿಷ ನೀರು ಹರಿಸಿ, ಮುಚ್ಚಳದ ಒಳಭಾಗ ಮುಟ್ಟದೆ ಹಿಡಿಯಿರಿ. ಸೀಸೆಯನ್ನು ಕಂಠದವರೆಗೆ ತುಂಬಬೇಡಿ. ಮಾದರಿ ತೆಗೆದ ಜಾಗದ ಕಾಲಂನಲ್ಲಿ ‘ಕೊನೆಯ ನಲ್ಲಿ’ ಎಂದೇ ಬರೆಸಿ. ಐಸ್ ಇಟ್ಟ ಡಬ್ಬಿಯಲ್ಲಿ ಆರು ಗಂಟೆಯೊಳಗೆ ತಲುಪಿಸಬೇಕು, ಆದ್ದರಿಂದ ಬೆಳಿಗ್ಗೆ ನೀರು ಬಿಡುವ ದಿನವನ್ನೇ ಆರಿಸಿ, ಹಿಂದಿನ ದಿನ ಪ್ರಯೋಗಾಲಯಕ್ಕೆ ಫೋನ್ ಮಾಡಿ ತಿಳಿಸಿಡಿ.